ಆರನೇ ಸಾಲಿಗೆ ತಕ್ಕ ಲೆನ್ಸು

ನನ್ನ ಗಂಡ ಹೆಂಗಸಾಗಿ ನಡೆದರೆ ನನಗಿಂತ ಚೆಂದ. ಹೊಟ್ಟೆಕಿಚ್ಚಿನಿಂದ ಹೇಳುವ ಮಾತಲ್ಲ ಇದು. ಮದುವೆಯ ಹೊಸದರಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು, ಸುಳ್ಳೇಕೆ ಹೇಳಲಿ. ವಾರವಿಡೀ ಕಲ್ಯಾಣ್ ಸ್ಟೇಷನ್ನಿನ ಹೊರಗೆ ಒಂದು ವೆಜ್ ಹೋಟೆಲಿನ ಗಲ್ಲಾದಲ್ಲಿ ಕೂತು ಚಿಲ್ಲರೆಗಾಗಿ ಗಿರಾಕಿಗಳ ಹತ್ತಿರ ಮರಾಠಿಯಲ್ಲಿ ಜಗಳವಾಡುವ ಮನುಷ್ಯ, ರಜೆಯ ಭಾನುವಾರ ಬಣ್ಣ ಹಚ್ಚಿ, ಸೀರೆ ಉಟ್ಟು, ಯಕ್ಷಗಾನದ ರಾಣಿಯಾಗಿ ರಂಗಕ್ಕೆ ಬಂದರೆ ಡೊಂಬಿವಲಿಯ ಹಾಲ್‌ನಲ್ಲಿ ಕೂತ ನಾವು ಹೆಂಗಸರು ನಮಗೆ ಗೊತ್ತಿಲ್ಲದೆಯೇ ನಮ್ಮ ನಮ್ಮ ಸೆರಗು ಸರಿ ಮಾಡಿಕೊಳ್ಳುತ್ತಿದ್ದೆವು.

ಅವರ ಶಕ್ತಿಯೆಲ್ಲ ಕೈಗಳಲ್ಲಿತ್ತು. ಸ್ತ್ರೀವೇಷದವರಿಗೆ ಕಾಲಿಗಿಂತ ಕೈ ಮುಖ್ಯ ಎಂದು ಅವರೇ ಹೇಳುತ್ತಿದ್ದರು. ರಾಜನ ವೇಷದವ ಗಿರಗಿರ ತಿರುಗಿದರೆ ಸಾಕು, ಚಪ್ಪಾಳೆ ಬೀಳುತ್ತದೆ. ರಾಣಿ ಹಾಗೆಲ್ಲ ಹಾರುವಂತಿಲ್ಲ. ನಿಂತಲ್ಲೇ ನಿಂತು ಸೆರಗಿನ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು, ಬಿಟ್ಟು, ಮತ್ತೆ ಹಿಡಿದು, ಗಂಡ ಬಿಟ್ಟುಹೋದ ದುಃಖವನ್ನೆಲ್ಲ ಅಷ್ಟರಲ್ಲೇ ಹೇಳಬೇಕು. ನನ್ನ ಗಂಡ ಅದನ್ನು ಹಾಗೆ ಬೆರಳಿನಲ್ಲೇ ಹೇಳಿಬಿಡುತ್ತಿದ್ದರು. ಮನೆಯಲ್ಲಿ ಮಾತ್ರ ಒಂದು ಲೋಟ ನೆಟ್ಟಗೆ ಇಡಲು ಬಾರದು.

ಇಷ್ಟು ವರ್ಷ ಕುಣಿದವರ ಒಂದು ಸರಿಯಾದ ಫೋಟೋ ನಮ್ಮಲ್ಲಿರಲಿಲ್ಲ. ಇದ್ದ ಆಲ್ಬಂಗಳನ್ನು ಹೋಟೆಲಿನ ಹಿಂದಿನ ಕೋಣೆಯ ಕಪಾಟಿನಲ್ಲಿ ಇಟ್ಟಿದ್ದರು. ಎರಡು ಸಾವಿರದ ಐದರ ಜುಲೈ ಮಳೆಯಲ್ಲಿ ಕಲ್ಯಾಣ್ ಊರಿಗೆ ನೀರು ನುಗ್ಗಿದಾಗ ಅಕ್ಕಿ, ಮೈದಾ, ಫ್ರಿಜ್ ಜೊತೆಗೆ ಅವೂ ಹೋದವು. ಆಮೇಲೆ ತೆಗೆದವೆಲ್ಲ ಗುಂಪಿನ ಫೋಟೋಗಳು. ಫ್ಲಾಶ್ ಹೊಡೆದು ಮುಖಗಳೆಲ್ಲ ಸುಣ್ಣ ಬಳಿದ ಹಾಗೆ, ನನ್ನ ಗಂಡ ಯಾವುದೋ ಕಿರೀಟದ ಹಿಂದೆ ಅರ್ಧ. "ಮುಂದಿನ ಸಲ ತೆಗೆದ್ರಾಯ್ತು ಬಿಡು" ಎಂದು ಅವರೂ ಅನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ.

ಹೀಗಿರುವಾಗ ಅವರ ಎಡಗೈಯ ಹೆಬ್ಬೆರಳು ಗಲ್ಲಾದ ಮೇಲೆ ತನ್ನಷ್ಟಕ್ಕೇ ಆಡತೊಡಗಿತು. ಕೈಯಲ್ಲಿ ಇಲ್ಲದ ನಾಣ್ಯವನ್ನು ಎಣಿಸುವ ಹಾಗೆ. ಮೊದಲು ನಾವು ನಕ್ಕೆವು, ನಿದ್ದೆಯಲ್ಲೂ ಚಿಲ್ಲರೆ ಕೊಡ್ತೀರಾ ಎಂದು ನಾನು ಚುಡಾಯಿಸಿದೆ. ಕೊನೆಗೆ ಥಾಣೆ ನಗರದ ಡಾಕ್ಟರರು ನಡೆಸಿ ನೋಡಿ, ಬೆರಳಿಗೆ ಬೆರಳು ತಟ್ಟಿಸಿ ನೋಡಿ, ನಡುಗುವ ಕಾಯಿಲೆಯ ಹೆಸರು ಹೇಳಿದರು. ಮಾತ್ರೆ ಸ್ವಲ್ಪ ಕಾಲ ಹಿಡಿದಿಡುತ್ತದೆ, ಆದರೆ ಇದು ಹಿಂದೆ ಹೋಗುವ ಕಾಯಿಲೆಯಲ್ಲ ಎಂದರು. ಲೋಕಲ್ ಟ್ರೇನಿನಲ್ಲಿ ಹಿಂದೆ ಬಂದೆವು. ಡೊಂಬಿವಲಿಯಲ್ಲಿ ಇಳಿದ ಮೇಲೆ, ಸೇತುವೆಯ ಮೆಟ್ಟಿಲು ಹತ್ತುತ್ತ ನನ್ನ ಗಂಡ ಹೇಳಿದರು.

"ಯಾರಿಗೂ ಹೇಳ್ಬೇಡ. ಈ ವರ್ಷದ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಒಂದು ರಾಣಿ ಮಾಡಿ ನಿಲ್ಲಿಸ್ತೇನೆ. ಕೈ ಇನ್ನೂ ಹೇಳಿದ ಮಾತು ಕೇಳ್ತಾ ಉಂಟಲ್ಲ, ಕೇಳುವಾಗಲೇ ನಿಲ್ಲಿಸ್ಬೇಕು."

ಆಗ ನನಗೆ ಹುಚ್ಚು ಹಿಡಿಯಿತು. ಒಂದು ಫೋಟೋ ಬೇಕು. ಗುಂಪಿನದ್ದಲ್ಲ, ಬರೀ ಅವರದ್ದು. ರಾಣಿಯ ಮುಖ, ಸೆರಗು ಹಿಡಿದ ಆ ಬೆರಳು, ಎರಡೂ ನಿಚ್ಚಳವಾಗಿ ಕಾಣುವಂಥದ್ದು. ಅದೊಂದು ಸಿಕ್ಕರೆ ಮುಂದೆ ಬರುವುದನ್ನೆಲ್ಲ ಹೇಗಾದರೂ ತಡೆದುಕೊಂಡೇನು ಎಂದು ನಾನು ನಂಬಿದ್ದೆ.

ಕ್ಯಾಮೆರಾ ಇತ್ತು. ಕಾಮೋಠೆಯಲ್ಲಿರುವ ಮಗಳು ತಾನು ಫೋನಿನಲ್ಲೇ ಎಲ್ಲ ತೆಗೆಯತೊಡಗಿದ ಮೇಲೆ ತನ್ನ ಮಿರರ್‌ಲೆಸ್ ಕ್ಯಾಮೆರಾವನ್ನು ನನಗೆ ದಾಟಿಸಿದ್ದಳು. ಒಳಗೆ ಕನ್ನಡಿ ಇಲ್ಲದ್ದರಿಂದ ಹಗುರ, ನನ್ನ ಕೈಚೀಲದಲ್ಲೇ ಹಿಡಿಯುತ್ತಿತ್ತು. "ಕನ್ನಡಿಯೇ ಇಲ್ವಾ? ಅದು ವೇಷದವರಿಗೆ ಎಂತ ಪ್ರಯೋಜನ?" ಎಂದು ನನ್ನ ಗಂಡ ತಮಾಷೆ ಮಾಡಿದ್ದರು. ಆದರೆ ಅದಕ್ಕಿದ್ದ ಪುಟ್ಟ ಲೆನ್ಸು ಹುಟ್ಟುಹಬ್ಬದ ಕೇಕು, ಸುತ್ತ ನಿಂತ ನೆಂಟರು ಇಷ್ಟಕ್ಕೇ ಸರಿ. ದೂರದ್ದು ಅದರಲ್ಲಿ ಹುಡುಕಿಕೊಳ್ಳಬೇಕು.

ಹತ್ತಿರ ಹೋಗಿ ತೆಗೆಯಬಾರದಿತ್ತೇ ಎಂದು ಕೇಳಬೇಡಿ. ನಮ್ಮವರ ಕಾರ್ಯಕ್ರಮದಲ್ಲಿ ಮುಂದಿನ ಸಾಲುಗಳಿಗೆ ಸೋಫಾ ಹಾಕಿ ಬಿಳಿ ಬಟ್ಟೆ ಹೊದಿಸಿರುತ್ತಾರೆ. ಅದು ಗಣ್ಯರಿಗೆ. ಅದಕ್ಕಿಂತ ದೊಡ್ಡ ಅಡ್ಡಿ ನನ್ನ ಗಂಡನೇ. "ನೀನು ಎದುರು ಬಂದು ಕೂತ್ರೆ ನಂಗೆ ನೀನೇ ಕಾಣುದು. ರಾಣಿ ಬರುದಿಲ್ಲ ಮತ್ತೆ. ನೀನು ಆರನೇ ಸಾಲಿನಿಂದ ಹಿಂದೆಯೇ ಕೂತ್ಕೊ" ಎಂದು ಮೊದಲಿಂದಲೂ ಕಟ್ಟಪ್ಪಣೆ. ಹಾಗಾದರೆ ಮನೆಯ ಟೆರೇಸಿನಲ್ಲಿ ಬಣ್ಣ ಹಚ್ಚಿ ಒಂದು ಸಲ ನಿಂತುಬಿಡಿ ಎಂದೆ. ಕೆರಳಿಬಿಟ್ಟರು. "ಭಾಗವತರ ಪದ ಇಲ್ಲ, ಚೆಂಡೆ ಇಲ್ಲ, ಕೈ ತನ್ನಷ್ಟಕ್ಕೆ ಏಳ್ತದಾ? ನಾನೆಂತ ಕ್ಯಾಲೆಂಡರಿನ ಬೊಂಬೆಯಾ?" ಆರನೇ ಸಾಲಿನಿಂದ ಒಂದು ಮುಖ, ಒಂದು ಕೈ ತುಂಬಿಕೊಳ್ಳುವ ಲೆನ್ಸೇ ಬೇಕಾಯಿತು.

ಮಗಳಿಗೆ ಫೋನ್ ಮಾಡಿದೆ. ನಾನು ಕನ್ನಡದಲ್ಲಿ ಕೇಳುವುದು, ಅವಳು ಹಿಂದಿಯಲ್ಲಿ ಹೇಳುವುದು, ನಮ್ಮಿಬ್ಬರ ಸಂಸಾರ ಹೀಗೇ. "ಮಮ್ಮಿ, ಆಲ್-ಇನ್-ವನ್ ಲೇ ಲೋ ನಾ. ಅಠಾರಾ ಸೇ ದೋಸೌ. ಪಾಸ್ ಕಾ ಭೀ, ದೂರ್ ಕಾ ಭೀ." ಹತ್ತಿರಕ್ಕೂ ದೂರಕ್ಕೂ ಒಂದೇ ಲೆನ್ಸು ಸಾಕಂತೆ. ಆಮೇಲೆ ಅವಳ ಗೆಳತಿಯ ಒಂದು ಹಗುರ ಜೂಮ್ ಲೆನ್ಸ್ ಇದೆ, ಐವತ್ತೈದರಿಂದ ಇನ್ನೂರ ಹತ್ತರದ್ದು, ಬೇಕಾದರೆ ನೋಡು ಎಂದು ತಂದುಕೊಟ್ಟಳು. ಸಂಖ್ಯೆ ದೊಡ್ಡದಾದಷ್ಟು ದೂರದ್ದು ಹತ್ತಿರ ಬರುತ್ತದೆ, ಇಷ್ಟು ನನಗೂ ಅರ್ಥವಾಯಿತು. ಅದನ್ನು ಹಿಡಿದುಕೊಂಡು ಒಂದು ಭಾನುವಾರ ಅದೇ ಹಾಲ್‌ಗೆ ಯಾವುದೋ ಶಾಲೆಯ ಮಕ್ಕಳ ನೃತ್ಯ ನೋಡಲು ಹೋದೆ. ಆರನೇ ಸಾಲಿನಲ್ಲೇ ಕೂತೆ. ಮುಖಗಳು ಹತ್ತಿರ ಬಂದವು, ನಿಜ. ಆದರೆ ಕುಣಿಯುವ ಕೈಗಳೆಲ್ಲ ಹೊಗೆ. ಒಂದೊಂದು ಮಗುವಿಗೂ ಬೆರಳಿನ ಬದಲು ಬಿಳಿ ಹೊಗೆ.

ಆ ಫೋಟೋಗಳನ್ನು ತೆಗೆದುಕೊಂಡು ಉಲ್ಹಾಸನಗರಕ್ಕೆ ಹೋದೆ. ವಿಠ್ಠಲವಾಡಿಯಲ್ಲಿ ಇಳಿದು, ರಿಕ್ಷಾದವನ ಹತ್ತಿರ ಬಾಯಿ ಮಾಡಿ, ಬಟ್ಟೆ ಅಂಗಡಿಗಳ ಸಾಲಿನ ನಡುವೆ ಇರುವ ಒಂದು ಕ್ಯಾಮೆರಾ ಅಂಗಡಿಗೆ. ಹಳೆಯ ಲೆನ್ಸುಗಳನ್ನೂ ಮಾರುವ, ರಿಪೇರಿಯನ್ನೂ ಮಾಡುವ ಸಿಂಧಿ ಮುದುಕ. ನನ್ನನ್ನು ನೋಡಿ, ಮೊಮ್ಮಗನ ಪಾಸ್‌ಪೋರ್ಟ್ ಫೋಟೋಕ್ಕೆ ಬಂದವಳು ಅಂದುಕೊಂಡ. ನಾನು ಹೊಗೆಯ ಕೈಗಳನ್ನು ತೋರಿಸಿದೆ. ಹಾಲ್‌ನಲ್ಲಿ ಬೆಳಕು ಕಡಿಮೆ, ಈ ಲೆನ್ಸಿನ ಕಿಟಕಿ ಸಣ್ಣದು ಎಂದು ಅವನು ವಿವರಿಸಿದ. ಎಫ್ ಎಂಬ ಅಕ್ಷರದ ಮುಂದಿನ ಅಂಕಿ ಸಣ್ಣದಾದಷ್ಟು ಕಿಟಕಿ ದೊಡ್ಡದಂತೆ. ಕಿಟಕಿ ದೊಡ್ಡದಾದರೆ ಬೆಳಕು ಬೇಗ ಒಳಗೆ ಬರುತ್ತದೆ, ಫೋಟೋ ಚಕ್ಕನೆ ಮುಗಿಯುತ್ತದೆ, ಕೈ ಅಲುಗಿದರೂ ಸಿಕ್ಕಿಬೀಳುತ್ತದೆ. ಎಲ್ಲಕ್ಕಿಂತ ದೊಡ್ಡ ಕಿಟಕಿಯ ಲೆನ್ಸನ್ನು ಗಾಜಿನ ಕಪಾಟಿನಿಂದ ತೆಗೆದು ನನ್ನ ಕೈಗಿಟ್ಟ. ಅಯ್ಯೋ ದೇವರೇ, ಇಡ್ಲಿ ಹಿಟ್ಟಿನ ಪಾತ್ರೆಯ ಭಾರ! ಅದರ ಬೆಲೆ ಕೇಳಿ ಅದನ್ನು ಮೆಲ್ಲಗೆ ಹಿಂದೆ ಕೊಟ್ಟೆ.

ನನಗೊಂದು ಆಸೆ ಚಿಗುರಿತ್ತು. ಲೆನ್ಸಿನ ಮೈಮೇಲೆ ನಡುಕ ತಡೆಯುವ ಒಂದು ಗುಂಡಿ ಇರುತ್ತದೆ ಎಂದು ಮಗಳು ಹೇಳಿದ್ದಳು. ಅದನ್ನು ಒತ್ತಿದರೆ ಸಣ್ಣ ಕಿಟಕಿಯದ್ದೇ ಸಾಕಲ್ಲ ಎಂದು ನನ್ನ ಹಿಂದಿಯಲ್ಲಿ ಕೇಳಿದೆ.

"ವೋ ಆಪ್ ಕಾ ಹಾಥ್ ಹಿಲೇಗಾ ತೊ ರೋಕೇಗಾ, ಮೇಡಂ" ಎಂದ ಮುದುಕ. "ಸಾಮನೇವಾಲೇ ಕಾ ಹಾಥ್ ಹಿಲಾ ತೊ ಲೆನ್ಸ್ ಕ್ಯಾ ಕರೇಗಾ? ಉಸ್ ಕಾ ಕೋಯಿ ಬಟನ್ ನಹೀ ಹೈ."

ನನ್ನ ಕೈ ಅಲುಗಿದರೆ ಗುಂಡಿ ತಡೆದೀತು, ಎದುರಿನವರ ಕೈ ನಡುಗಿದರೆ ಅದಕ್ಕೆ ಗುಂಡಿಯೇ ಇಲ್ಲವಂತೆ. ಅವನಿಗೇನು ಗೊತ್ತು ಪಾಪ, ಅವನು ಲೆನ್ಸಿನ ಮಾತಾಡಿದ್ದ. ನಾನು ಏನೂ ಕೊಳ್ಳದೆ ಎದ್ದುಬಂದೆ. ವಿಠ್ಠಲವಾಡಿಯ ಪ್ಲಾಟ್‌ಫಾರಂ ಬೆಂಚಿನಲ್ಲಿ ಕೂತು, ಟ್ರೇನುಗಳನ್ನು ಬಿಟ್ಟು, ಅತ್ತೆ. ಡಾಕ್ಟರರ ಮುಂದೆ ಅಳು ಬಂದಿರಲಿಲ್ಲ. ಪಕ್ಕದಲ್ಲಿ ಮೇಥಿ ಸೊಪ್ಪು ಬಿಡಿಸುತ್ತಿದ್ದ ಹೆಂಗಸು "ಕಾಯ್ ಝಾಲಂ ತಾಯಿ?", ಏನಾಯಿತಕ್ಕಾ, ಎಂದು ಕೇಳಿದಳು. ಲೆನ್ಸ್ ಸಿಗಲಿಲ್ಲ ಎಂದೆ. ಕಣ್ಣಿನ ಆಪರೇಷನ್ನಿನ ಲೆನ್ಸ್ ಎಂದುಕೊಂಡು ಅವಳು ತನ್ನ ಮಾವನಿಗೆ ಮಾಡಿದ ಆಸ್ಪತ್ರೆಯ ಹೆಸರು ಹೇಳಿದಳು.

ಎರಡು ವಾರ ಅದರದ್ದೇ ಧ್ಯಾನ. ಆಲ್-ಇನ್-ವನ್ ಎಲ್ಲದಕ್ಕೂ ಆಗುತ್ತದೆ, ಆದರೆ ಕಿಟಕಿ ಸಣ್ಣದು, ಕೈ ಹೊಗೆ. ಭಾರದ್ದನ್ನು ಥಾಣೆಯಲ್ಲಿ ಬಾಡಿಗೆಗೆ ಕೊಡುವವರಿದ್ದರು, ಆದರೆ ಅದನ್ನು ಗಂಟೆಗಟ್ಟಲೆ ಎತ್ತಿ ಹಿಡಿಯುವ ತೋಳು ನನ್ನದಲ್ಲ. ಕೊನೆಗೆ ಮತ್ತೆ ಅದೇ ಮುದುಕನ ಅಂಗಡಿಗೆ ಹೋಗಿ ನಡುವಿನದ್ದೊಂದನ್ನು ಆರಿಸಿದೆ. ಎಪ್ಪತ್ತರಿಂದ ಇನ್ನೂರು, ಎಫ್ ನಾಲ್ಕು, ಉದ್ದದ ಬಿಳಿ ಲೆನ್ಸು, ಯಾರೋ ಮದುವೆ ಫೋಟೋದವರು ಬಳಸಿ ಬಿಟ್ಟದ್ದು. ಹತ್ತಿರದ್ದು ಇದರಲ್ಲಿ ಬರುವುದಿಲ್ಲ ಎಂದು ಮುದುಕ ಎಚ್ಚರಿಸಿದ. ಹತ್ತಿರದ್ದು ಯಾರಿಗೆ ಬೇಕಿತ್ತು? ಎದುರಿನ ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ಕೂರುವ ಕಾಗೆಯ ಮೇಲೆ ಅಭ್ಯಾಸ ಮಾಡಿದೆ. ಕಾಗೆ ರೆಕ್ಕೆ ಬಿಡಿಸಿದರೆ ಒಂದೊಂದು ಗರಿಯೂ ಕಾಣುತ್ತಿತ್ತು. ನನ್ನ ಗಂಡ ಆ ಚಿತ್ರ ನೋಡಿ, "ಇಷ್ಟು ಕಾಣ್ತದಾ! ಹಾಗಾದ್ರೆ ಗಡ್ಡ ಒಳ್ಳೆ ಮಾಡಿ ತೆಗೀಬೇಕು ಮಾರಾಯ್ತಿ" ಎಂದರು. ಆ ಸಂಜೆ ನಾವಿಬ್ಬರೂ ಮನಸಾರೆ ನಕ್ಕೆವು.

ವಾರ್ಷಿಕೋತ್ಸವದ ಭಾನುವಾರ ಬಂತು. ಹಾಲ್ ನಮಗೆ ಮಧ್ಯಾಹ್ನದಿಂದ ಸಂಜೆ ಆರರ ತನಕ. ಆಮೇಲೆ ಮರಾಠಿ ನಾಟಕದವರಿಗೆ. ಮೊದಲು ಪ್ರಾರ್ಥನೆ, ಮಕ್ಕಳ ನೃತ್ಯ, ಸಭೆ, ಸನ್ಮಾನ, ಮೂರೂವರೆಯಿಂದ ಯಕ್ಷಗಾನ. ನನ್ನ ಗಂಡನ ರಾಣಿ ಬರುವುದು ಪ್ರಸಂಗದ ಕೊನೆಯ ಭಾಗದಲ್ಲಿ. ಮಾತ್ರೆಯ ಹೊತ್ತನ್ನು ಅವರು ಅದಕ್ಕೆ ಸರಿಯಾಗಿ ಹೊಂದಿಸಿಕೊಂಡಿದ್ದರು. ನಾನು ಆರನೇ ಸಾಲಿನಲ್ಲಿ, ಕಂಬ ಅಡ್ಡ ಬಾರದ ಕುರ್ಚಿ ಹಿಡಿದು ಕೂತಿದ್ದೆ.

ಸಭೆ ಶುರುವಾಗುವ ಮೊದಲು ಸಂಘದ ಕಾರ್ಯದರ್ಶಿ ಬೆವರು ಒರೆಸಿಕೊಳ್ಳುತ್ತ ಓಡಿಬಂದರು. ಒಳ್ಳೆಯ ಮನುಷ್ಯ, ನಾಲ್ಕು ಜನ ಮಾಡುವ ಕೆಲಸ ಒಬ್ಬರೇ ಮಾಡುವವರು.

"ಅಕ್ಕಾ, ನಮ್ಮ ಫೋಟೋದವ ರೈಲ್ವೆಯ ಮೆಗಾಬ್ಲಾಕಿನಲ್ಲಿ ಸಿಕ್ಕಿಬಿದ್ದಿದ್ದಾನೆ, ಹಳಿ ರಿಪೇರಿ ಅಂತ ಟ್ರೇನೇ ಇಲ್ವಂತೆ. ನಿಮ್ಮತ್ರ ಇಷ್ಟು ದೊಡ್ಡ ಲೆನ್ಸ್ ಉಂಟಲ್ಲ! ಸನ್ಮಾನದ ನಾಲ್ಕು ಫೋಟೋ ತೆಗ್ದುಕೊಡಿ."

"ಇದು ದೂರದ್ದು ತೆಗೆಯುವ ಲೆನ್ಸು, ಹತ್ತಿರದ್ದು ಬರುದಿಲ್ಲ. ಪುಟ್ಟದ್ದು ಮನೆಯಲ್ಲುಂಟು" ಎಂದೆ.

"ದೊಡ್ಡದ್ರಲ್ಲಿ ಎಲ್ಲ ಬರ್ತದೆ ಅಕ್ಕಾ" ಎಂದು ನನ್ನ ಕೈ ಹಿಡಿದು ಎಬ್ಬಿಸಿದರು.

ನಮ್ಮವರ ಸನ್ಮಾನ ಗೊತ್ತಲ್ಲ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಇದೆಲ್ಲ ಆದ ಮೇಲೂ ಫೋಟೋ ಆಗದೆ ಸನ್ಮಾನ ಆದ ಹಾಗಲ್ಲ. ವೇದಿಕೆಯ ಮೇಲಿದ್ದವರು ಎಲ್ಲರೂ ಸ್ಮರಣಿಕೆಗೆ ಒಂದೊಂದು ಬೆರಳು ತಾಗಿಸಿ ನಿಂತು ನನ್ನತ್ತ ನೋಡುವರು. ಲೆನ್ಸಿನಲ್ಲಿ ನನಗೆ ಕಾಣುವುದು ಒಬ್ಬರ ಮೂಗು, ಇನ್ನೊಬ್ಬರ ಪೇಟ. ಎಲ್ಲರೂ ಅದರೊಳಗೆ ಹಿಡಿಸಬೇಕಾದರೆ ನಾನು ನಡುವಿನ ದಾರಿಯಲ್ಲಿ ಹಿಂದೆ, ಹಿಂದೆ, ಮತ್ತೂ ಹಿಂದೆ ನಡೆದು ಬಾಗಿಲ ಹತ್ತಿರ ಹೋಗಬೇಕು. ಅಷ್ಟರಲ್ಲಿ ಯಾರೋ ಮಧ್ಯೆ ಎದ್ದು ನಿಲ್ಲುವರು. ಕೂತ್ಕೊಳ್ಳಿ ಎಂದು ನಾನು ಕೂಗಬೇಕು. ಮೈಕಿನಲ್ಲಿ "ಅಕ್ಕಾ, ಆಯ್ತಾ? ಇನ್ನೊಂದು, ಕಣ್ಣು ಮುಚ್ಚಿದ್ರು" ಎನ್ನುವರು. ಒಬ್ಬರಾದ ಮೇಲೆ ಅವರ ಪತ್ನಿ, ಪತ್ನಿಯಾದ ಮೇಲೆ ಅವರ ಊರಿಂದ ಬಂದ ಅಣ್ಣ. ಗಡಿಯಾರ ನಾಲ್ಕು ದಾಟಿತು. ಆಮೇಲೆ ಭಾಷಣ. "ಸಮಯದ ಅಭಾವವಿದೆ, ಆದರೂ" ಎಂದು ಶುರುಮಾಡಿದವರೇ ಎಲ್ಲರೂ. ನನ್ನ ಗಂಡನ ಸಮಯ ನನ್ನ ಕಣ್ಣೆದುರೇ, ನನ್ನದೇ ಲೆನ್ಸಿನಿಂದಾಗಿ ಸೋರಿ ಹೋಗುತ್ತಿತ್ತು. ನನಗೆ ಕ್ಯಾಮೆರಾವನ್ನು ಆ ಹಣ್ಣಿನ ಬುಟ್ಟಿಯ ಮೇಲೆ ಎಸೆಯಬೇಕು ಅನ್ನಿಸಿತು.

ಯಕ್ಷಗಾನ ಶುರುವಾದಾಗ ಐದು. ನಾನು ಆರನೇ ಸಾಲಿಗೆ ಓಡಿ ಕೂತೆ. ರಾಜ ಬಂದ, ಮಂತ್ರಿ ಬಂದ, ಹಾಸ್ಯದವ ಬಂದ. ಲೆನ್ಸು ಸರಿಯಾಗಿಯೇ ಇತ್ತು. ಹಾಸ್ಯದವನ ಹಣೆಯ ಬೆವರೂ ಕಾಣುತ್ತಿತ್ತು. ಹಿಂಬಾಗಿಲಿನಲ್ಲಿ ನಾಟಕದವರು ತಮ್ಮ ಸೋಫಾ, ಮೇಜು, ಬಾಗಿಲ ಚೌಕಟ್ಟುಗಳನ್ನು ತಂದು ನಿಲ್ಲಿಸತೊಡಗಿದ್ದರು. ಹಾಲ್‌ನ ಮ್ಯಾನೇಜರ್ ಕೈಗಡಿಯಾರ ತಟ್ಟಿ ತೋರಿಸಿದ. ಕಾರ್ಯದರ್ಶಿ ಬಗ್ಗಿ ಹೋಗಿ ಭಾಗವತರ ಕಿವಿಯಲ್ಲಿ ಏನೋ ಹೇಳಿದರು. ಈಗ ಪರದೆ ಹಿಡಿಯುತ್ತಾರೆ, ಈಗ ರಾಣಿ ಬರುತ್ತಾಳೆ ಎಂದು ನಾನು ಕ್ಯಾಮೆರಾ ಕಣ್ಣಿಗೆ ಒತ್ತಿ ಉಸಿರು ಬಿಗಿ ಹಿಡಿದೆ. ಭಾಗವತರು ಮಂಗಳ ಹಾಡಿದರು. ಮಂಗಳ ಎಂದರೆ ಮುಗಿಯಿತು. ಜನ ಎದ್ದು ಕುರ್ಚಿ ಸರಿಸಿದರು.

ಬಣ್ಣ ಹಚ್ಚುವ ಕೋಣೆಗೆ, ನಾವು ಚೌಕಿ ಅನ್ನುತ್ತೇವೆ, ನಾನು ಹೋದಾಗ ಅವರು ಪೂರ್ತಿ ವೇಷದಲ್ಲಿ ಟ್ರಂಕಿನ ಮೇಲೆ ಕೂತಿದ್ದರು. ಕಿವಿಯೋಲೆ, ಮೂಗುತಿ, ಮುಡಿಗೆ ಮಲ್ಲಿಗೆ. ಎಷ್ಟು ಚೆಂದವಿದ್ದರು ಅಂದರೆ ನನ್ನ ಸಿಟ್ಟೂ ಒಂದು ಕ್ಷಣ ನಿಂತಿತು. ನಾನು ಕ್ಯಾಮೆರಾ ಎತ್ತಿದೆ. ಆ ಇಕ್ಕಟ್ಟಿನಲ್ಲಿ ಲೆನ್ಸು ಯಾವುದನ್ನೂ ಹಿಡಿಯಲೊಲ್ಲದು. ಮೂಗುತಿಯೂ ಮಸುಕು. ಹಿಂದೆ ಸರಿಯೋಣವೆಂದರೆ ಬಾಗಿಲಿನಲ್ಲಿ ನಾಟಕದವರ ಸೋಫಾ.

"ಬೇಡ, ಇಳಿಸು" ಎಂದರು. "ಕುಣಿದದ್ದಾದ್ರೆ ತೆಗೀಬಹುದಿತ್ತು. ಕೂತದ್ದು ಎಂತಕ್ಕೆ?"

ನಾನು ಕಾರ್ಯದರ್ಶಿಗೂ, ಗಣ್ಯರಿಗೂ, ಅವರ ಶಾಲುಗಳಿಗೂ ಬಾಯಿಗೆ ಬಂದಂತೆ ಬೈದೆ. ಅವರು ಕೊಬ್ಬರಿ ಎಣ್ಣೆ ಅಂಗೈಗೆ ಸುರಿದುಕೊಂಡು ಕೆನ್ನೆಯ ಬಣ್ಣ ಉಜ್ಜತೊಡಗಿದರು. ಹುಬ್ಬು, ತುಟಿ, ಎಲ್ಲ ಒಂದಾಗಿ ಕಲಸಿಹೋಯಿತು.

"ಇವತ್ತು ಕೈ ಒಳ್ಳೆ ಕೇಳ್ತಿತ್ತು ಮಾರಾಯ್ತಿ" ಎಂದರು.

ಆಮೇಲಿನದ್ದು ಡಾಕ್ಟರರು ಹೇಳಿದ ಹಾಗೆಯೇ ಆಯಿತು. ನಡುಕ ಎಡಗೈಯಿಂದ ಬಲಗೈಗೆ ಬಂತು. ಗಲ್ಲಾದಲ್ಲಿ ಬೇರೆಯವರು ಕೂತರು. ನಡೆಯುವಾಗ ಹೆಜ್ಜೆ ಸಣ್ಣದಾಯಿತು, ದನಿ ಇಳಿಯಿತು. ಊಟದ ಹೊತ್ತಿಗೆ ಅನ್ನ ತಟ್ಟೆಯಿಂದ ಬಾಯಿಗೆ ಹೋಗುವುದರೊಳಗೆ ಅರ್ಧ ಚೆಲ್ಲುತ್ತಿತ್ತು. ಸಂಘದ ಸಂಚಿಕೆಯಲ್ಲಿ ನಾನು ತೆಗೆದ ಸನ್ಮಾನದ ಫೋಟೋಗಳು ಪುಟ ತುಂಬ ಬಂದವು. ಬಹಳ ಚೆನ್ನಾಗಿ ಬಂದಿದ್ದವು. ಸ್ಮರಣಿಕೆಗೆ ತಾಗಿಸಿದ ಒಂದೊಂದು ಬೆರಳೂ ಕಾಣುತ್ತಿತ್ತು.

ಮರುವರ್ಷ ಕಾರ್ಯದರ್ಶಿಯ ಫೋನು. ಕಾಯಿಲೆಯ ಸುದ್ದಿ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. "ಅಕ್ಕಾ, ಅಣ್ಣನಿಗೆ ಹೋದ ವರ್ಷ ನಮ್ಮಿಂದ ಅನ್ಯಾಯ ಆಯ್ತು. ಈ ಸಲ ಅವರಿಗೇ ಸನ್ಮಾನ. ಆಮಂತ್ರಣ ಪತ್ರಿಕೆಗೆ ಹಾಕ್ಲಿಕ್ಕೆ ವೇಷದ ಒಂದು ಫೋಟೋ ಕೊಡಿ." ಇಲ್ಲ ಎಂದೆ. ಅವರು ನಂಬಲಿಲ್ಲ, ಅಷ್ಟು ದೊಡ್ಡ ಲೆನ್ಸ್ ಇಟ್ಟುಕೊಂಡು ಇಲ್ಲವೆಂದರೆ ಹೇಗೆ ಎಂದು ನಕ್ಕರು. ಕೊನೆಗೆ ಗುರುತಿನ ಚೀಟಿಯ ಫೋಟೋವನ್ನೇ ಹಾಕಿದರು. ನನ್ನ ಗಂಡ ಮೊದಲು ಬೇಡ ಎಂದರು, ಆಮೇಲೆ ಸೊಕ್ಕು ಅಂದುಕೊಂಡಾರು ಎಂದು ಒಪ್ಪಿದರು. ಅಂದು ನಾನು ಕ್ಯಾಮೆರಾ ಒಯ್ಯಲಿಲ್ಲ. ಮಗಳು ಕಾಮೋಠೆಯಿಂದ ಬಂದು ಅವರ ತೋಳು ಹಿಡಿದು ವೇದಿಕೆ ಹತ್ತಿಸಿದಳು.

ಶಾಲು ಹೊದಿಸಿದರು. ಹಾರ, ಪೇಟ, ಬುಟ್ಟಿ ಎಲ್ಲ ಆಯಿತು. ಗಡಿಯಾರದಲ್ಲಿ ಮತ್ತೆ ಅದೇ ನಾಲ್ಕು ದಾಟಿದ ಹೊತ್ತು. ವೇದಿಕೆಯ ಪಕ್ಕದ ಸಂದಿಯಲ್ಲಿ ಪೂರ್ತಿ ರಾಜವೇಷದ ಒಬ್ಬರು ಕಿರೀಟವನ್ನು ಕಂಕುಳಲ್ಲಿಟ್ಟುಕೊಂಡು ಕಾಯುತ್ತಿದ್ದರು. ಐರೋಲಿಯ ಯಾವುದೋ ಆಫೀಸಿನ ಗುಮಾಸ್ತರು, ಅವರ ಮೊದಲ ದೊಡ್ಡ ವೇಷವಂತೆ. ನನ್ನ ಗಂಡನ ಕಣ್ಣು ಅವರ ಮೇಲೆ ಬಿದ್ದದ್ದು ನನಗೆ ಕೆಳಗಿಂದಲೇ ಗೊತ್ತಾಯಿತು. ಅವರು ಕೈ ಚಾಚಿ ಮೈಕು ಕೇಳಿದರು. ಮೈಕು ಅವರ ಕೈಯಲ್ಲಿ ಹಲ್ಲಿಗೆ ಬಡಿಯುತ್ತಿತ್ತು.

"ಸಾಕು. ಆಟ ಶುರು ಮಾಡಿ. ಅವರು ಬಣ್ಣ ಹಚ್ಚಿ ಕಾಯ್ತಾ ಇದ್ದಾರೆ."

ಇಳಿದ ದನಿ, ಆದರೂ ಕೇಳಿಸಿತು. ಇಡೀ ಹಾಲ್ ಚಪ್ಪಾಳೆ ತಟ್ಟಿತು. ಕಾರ್ಯದರ್ಶಿಯ ಕಣ್ಣು ತುಂಬಿ ಬಂತು. ಮೈಕು ಇಸಿದುಕೊಂಡು, "ನೋಡಿ, ಇದು ದೊಡ್ಡ ಕಲಾವಿದರ ಸರಳತೆ. ಇಂಥವರ ಬಗ್ಗೆ ಎರಡು ಮಾತು ಹೇಳದಿದ್ರೆ ನಮ್ಮದೇ ತಪ್ಪು" ಎಂದು ಮುಖ್ಯ ಅತಿಥಿಗಳನ್ನು ಕರೆದರು. ಅತಿಥಿಗಳು ಎದ್ದು, ಜೇಬಿನಿಂದ ಕನ್ನಡಕ ತೆಗೆದು, ಒರೆಸಿ ಹಾಕಿಕೊಂಡರು.

ನನ್ನ ಗಂಡ ಸಂದಿಯಲ್ಲಿ ನಿಂತ ರಾಜನತ್ತ ತಿರುಗಿ, ನಡುಗುವ ಎರಡೂ ಕೈಗಳನ್ನು ಹೇಗೋ ಜೋಡಿಸಿ, ತಪ್ಪಾಯಿತು ಎಂಬಂತೆ ಮುಗಿದರು. ಅತಿಥಿಗಳು ತಮಗೇ ಮುಗಿದದ್ದೆಂದುಕೊಂಡು ತಾವೂ ಮುಗಿದು, ಮಾತು ಶುರುಮಾಡಿದರು.